ಸರ್ಫಿಂಗ್ ಕಲಿಯೋಕೆ ಲಾಂಗ್‌ಬೋರ್ಡಾ, ಶಾರ್ಟ್‌ಬೋರ್ಡಾ?

ಹೊಸಬರಾದರೆ 9 ಅಡಿಯ ಲಾಂಗ್‌ಬೋರ್ಡ್ ತಗೊಳ್ಳಿ. ಚೆನ್ನಾಗಿ ತೇಲುತ್ತದೆ. ಕೈಯಿಂದ ನಾಲ್ಕು ಸಲ ನೀರು ಎಳೆದರೆ ಸಣ್ಣ ಅಲೆಯೂ ಎತ್ತಿಕೊಂಡು ಹೋಗುತ್ತದೆ, ಎದ್ದು ನಿಲ್ಲಲು ಸಮಯ ಸಿಗುತ್ತದೆ. ಉದ್ದ ಬೋರ್ಡ್ ಹೊಸದೇನಲ್ಲ. ಹವಾಯಿಯ ಅರಸರ 'ಓಲೊ' ಹಲಗೆ 15 ಅಡಿಗೂ ಜಾಸ್ತಿ ಇರುತ್ತಿತ್ತು. ಸಾಮಾನ್ಯ ಜನರ 'ಅಲಾಯ' ಅದಕ್ಕಿಂತ ಚಿಕ್ಕದು, ತೆಳು.

6 ಅಡಿ ಆಸುಪಾಸಿನ ಶಾರ್ಟ್‌ಬೋರ್ಡಿನ ಕಾಲ ಶುರುವಾಗಿದ್ದು 1960ರ ದಶಕದ ಕೊನೆಗೆ. ಕಡಿದಾದ ಅಲೆಯಲ್ಲಿ ಹಿಂಗಾಲು ಒತ್ತಿದರೆ ಸಾಕು, ಥಟ್ಟನೆ ತಿರುಗುತ್ತದೆ. ನೋಡೋಕೆ ಬಲು ಚೆಂದ! ಆದರೆ ತೇಲುವುದು ಕಡಿಮೆ. ಮೂಲ್ಕಿಯಲ್ಲಿ ಸಣ್ಣ ಅಲೆಯ ದಿನ ಕಲಿಯುವವರು ಇದನ್ನು ಹಿಡಿದರೆ ಸುಮ್ನೆ ಕೈಸೋಲುತ್ತದೆ.

ಸ್ಕೇಟ್‌ಬೋರ್ಡಿಗೂ ಇದೇ ಲೆಕ್ಕ: ರಸ್ತೆಯಲ್ಲಿ ದೂರ ಸಾಗಲು 40 ಇಂಚಿನದು, ಹಾರಿ ಟ್ರಿಕ್ ಮಾಡಲು 32 ಇಂಚಿನದು.