ಎಸ್‌ಕ್ಯೂಎಲ್‌ನಲ್ಲಿ ಸೈನ್, ಕಾಸ್: ಆರು ವರ್ಷ ಬಳಸಿದ ಮೇಲೆ

ಆ್ಯಪ್‌ನಲ್ಲಿ ‘ಹತ್ತಿರದ ಅಂಗಡಿ’ ಅಂತ ಬಟನ್ ಇರುತ್ತದಲ್ಲ, ಅದರ ಹಿಂದಿನ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಳುವ ಪ್ರಶ್ನೆ, ಬರೆಯುವುದು ನನ್ನ ಕೆಲಸ. ಅಕ್ಷಾಂಶ, ರೇಖಾಂಶದಿಂದ ದೂರ ಲೆಕ್ಕ ಹಾಕುವ ಸೂತ್ರಕ್ಕೆ ಸೈನ್, ಕಾಸ್ ಬೇಕು. ಡೇಟಾಬೇಸ್ ಮೊದಲು ಮೈಎಸ್‌ಕ್ಯೂಎಲ್, ಈಗ ಪೋಸ್ಟ್‌ಗ್ರೆಸ್. ಅವುಗಳ ಸೈನ್, ಕಾಸ್ ಫಂಕ್ಷನ್‌ಗಳಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಮೊದಲ ವಾರವೇ ಎಡವಿದ್ದೆ. ಕಾಸ್(60) ಅಂದರೆ 0.5 ಬರಬೇಕು ಅಲ್ವಾ? ಬಂದದ್ದು -0.9524. ಈ ಫಂಕ್ಷನ್‌ಗಳಿಗೆ ಡಿಗ್ರಿ ಗೊತ್ತಿಲ್ಲ, ರೇಡಿಯನ್ (ಕೋನದ ಇನ್ನೊಂದು ಅಳತೆ) ಮಾತ್ರ. ಎರರ್ ಕೂಡ ಬರುವುದಿಲ್ಲ. ಅಕ್ಷಾಂಶ, ರೇಖಾಂಶ ಎರಡನ್ನೂ ರೇಡಿಯನ್ಸ್() ಒಳಗೆ ಹಾಕಿಯೇ ಕೊಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 9.6ನೇ ಆವೃತ್ತಿಯಿಂದ ಡಿಗ್ರಿಯನ್ನೇ ತೆಗೆದುಕೊಳ್ಳುವ ಸೈನ್‌ಡಿ, ಕಾಸ್‌ಡಿ ಇವೆ. ಸೈನ್‌ಡಿ(30) ಸರಿಯಾಗಿ 0.5. ಅದನ್ನೇ ರೇಡಿಯನ್ ಮಾಡಿ ಸೈನ್ ಕೇಳಿದರೆ 0.49999999999999994.

ಈ ಬಾಲದ ಅಂಕಿಗಳು ಯಾರಿಗೆ ಬೇಕು ಅಂತ ನಾನೂ ನಕ್ಕಿದ್ದೆ. ಒಂದು ದಿನ ದೂರು ಬಂತು: ಗ್ರಾಹಕರು ನಿಂತಿರುವುದು ಅಂಗಡಿಯೊಳಗೆ, ಪಟ್ಟಿಯಲ್ಲಿ ಆ ಅಂಗಡಿಯೇ ಇಲ್ಲ! ಉಳಿದವೆಲ್ಲ ಇವೆ. ಅರ್ಧ ದಿನ ಡೇಟಾ ಜಾಲಾಡಿದೆ. ಕೊನೆಗೆ ದೂರದ ಸೂತ್ರದಲ್ಲಿರುವ ಏಕಾಸ್ (ಕಾಸ್‌ನಿಂದ ಕೋನಕ್ಕೆ ಮರಳಿಸುವ ಫಂಕ್ಷನ್) ಒಳಗಿನ ಲೆಕ್ಕವನ್ನಷ್ಟೇ ಸೆಲೆಕ್ಟ್ ಮಾಡಿದರೆ 1.0000000000000002. ಒಂದೇ ಜಾಗ ಆದ್ದರಿಂದ ಬರೀ 1 ಬರಬೇಕಿತ್ತು. 1 ದಾಟಿದರೆ ಮೈಎಸ್‌ಕ್ಯೂಎಲ್‌ನ ಏಕಾಸ್ ನಲ್ ಕೊಡುತ್ತದೆ. ನಲ್ ಅಂದರೆ ‘ಬೆಲೆಯೇ ಇಲ್ಲ’; ಅದು ನಾನು ಹುಡುಕುತ್ತಿದ್ದ 5 ಕಿಲೋಮೀಟರ್‌ಗಿಂತ ಕಡಿಮೆಯೂ ಅಲ್ಲ, ಜಾಸ್ತಿಯೂ ಅಲ್ಲ. ಸಾಲು ಸದ್ದಿಲ್ಲದೆ ಮಾಯ. ಆ ಲೆಕ್ಕಕ್ಕೆ, ಎರಡರಲ್ಲಿ ಚಿಕ್ಕದನ್ನು ಕೊಡುವ ಲೀಸ್ಟ್(1, …) ಸುತ್ತಿದ ಮೇಲೆ ಸರಿಹೋಯಿತು. ತಪ್ಪು ನನ್ನದೇ, ಮ್ಯಾನುಯಲ್‌ನಲ್ಲಿ ಬರೆದಿದೆ. ಪೋಸ್ಟ್‌ಗ್ರೆಸ್ ಆದರೆ ಇಂಥ ಕಡೆ ಎರರ್ ಎಸೆದು ಕ್ವೆರಿಯನ್ನೇ ನಿಲ್ಲಿಸುತ್ತದೆ. ನನಗೆ ಆ ಜಗಳಗಂಟಿ ಬುದ್ಧಿಯೇ ಇಷ್ಟ.

ಸೈನ್, ಕಾಸ್ ನಿಧಾನ ಅಂತ ಬೈಯುವವರಿದ್ದಾರೆ. ಪಾಪ, ಅವುಗಳ ತಪ್ಪಲ್ಲ. ಟೇಬಲ್‌ನ ಪ್ರತಿ ಸಾಲಿಗೂ ಲೆಕ್ಕ ನಡೆಯುತ್ತಿರುತ್ತದೆ, ಬೇಗ ಹುಡುಕಲೆಂದು ಇರುವ ಇಂಡೆಕ್ಸ್ (ಸೂಚಿ) ಸುಮ್ನೆ ಕೂತಿರುತ್ತದೆ. ಅಕ್ಷಾಂಶದ 1 ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. 5 ಕಿಲೋಮೀಟರ್ ಹುಡುಕಲು ಆಚೆ ಈಚೆ 0.05 ಡಿಗ್ರಿ ಧಾರಾಳ. ಮೊದಲು ಬಿಟ್ವೀನ್ (ಇಷ್ಟರಿಂದ ಇಷ್ಟರೊಳಗೆ ಎಂಬ ಷರತ್ತು) ಹಾಕಿ ಅಷ್ಟಗಲದ ಚೌಕ ಕತ್ತರಿಸಿಕೊಳ್ಳಿ. ರೇಖಾಂಶದ ಅಗಲವನ್ನು ಮಾತ್ರ ಅಕ್ಷಾಂಶದ ಕಾಸ್‌ನಿಂದ ಭಾಗಿಸಿ, ಏಕೆಂದರೆ ಧ್ರುವದ ಕಡೆ ಹೋದಷ್ಟೂ ಆ ಗೆರೆಗಳು ಹತ್ತಿರ ಬರುತ್ತವೆ. ಚೌಕದೊಳಗೆ ಉಳಿದ ಸಾಲುಗಳಿಗಷ್ಟೇ ಪೂರ್ತಿ ಸೂತ್ರ, ಭೂಮಿಯ 6371 ಕಿಲೋಮೀಟರ್ ತ್ರಿಜ್ಯದೊಂದಿಗೆ.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸುವವರು 3.35ನೇ ಆವೃತ್ತಿಗಿಂತ ಹಳೆಯದರಲ್ಲಿ ಈ ಫಂಕ್ಷನ್‌ಗಳನ್ನು ಹುಡುಕಬೇಡಿ. 2021ರಲ್ಲಿ ಬಂದವು, ಅದೂ ಕಂಪೈಲ್ ಮಾಡುವಾಗ ಆನ್ ಮಾಡಿದ್ದರೆ ಮಾತ್ರ. ಮೈಎಸ್‌ಕ್ಯೂಎಲ್ 5.7ರಿಂದ ದೂರವನ್ನು ನೇರವಾಗಿ ಕೊಡುವ ಎಸ್‌ಟಿ_ಡಿಸ್ಟೆನ್ಸ್_ಸ್ಫಿಯರ್ ಇದೆ, ಸೂತ್ರ ಬರೆಯುವ ಗೋಜೇ ಇಲ್ಲ. ನಾನು ಮಾತ್ರ ಇನ್ನೂ ಕೈಯಲ್ಲೇ ಬರೆಯುತ್ತೇನೆ, ಲೀಸ್ಟ್ ಮರೆಯದೆ.