ದುಬೈ ಸೈಟ್ ಇಂಜಿನಿಯರ್ ಕೆಲಸಕ್ಕೆ ದುಡ್ಡು ಕೇಳುತ್ತಾರಾ? ಕೊಡುವ ಮೊದಲು ಇದನ್ನು ಓದಿ

ಸಿವಿಲ್ ಮುಗಿಸಿ ಬೆಂಗಳೂರಲ್ಲಿ ಸೈಟ್ ಸುತ್ತುತ್ತಿರುವವರು, ಈ ವರ್ಷ ಪಾಸಾಗಿ ಗಲ್ಫ್ ಕಡೆ ಕಣ್ಣು ಹಾಕಿರುವವರು, ದಯವಿಟ್ಟು ಪೂರ್ತಿ ಓದಿ. ನನ್ನ 1,85,000 ರೂಪಾಯಿ ಹೋಗಿದೆ. ಡಿಗ್ರಿ ಸರ್ಟಿಫಿಕೇಟ್ ಒರಿಜಿನಲ್ ಇನ್ನೂ ದುಬೈ ಕೆಲಸ ಕೊಡಿಸ್ತೀವಿ ಅಂದ ಏಜೆನ್ಸಿಯವರ ಬೀರುವಿನಲ್ಲೇ ಇದೆ. ಕಚೇರಿ ಮೆಜೆಸ್ಟಿಕ್‌ನಿಂದ ಹೆಚ್ಚು ದೂರ ಇಲ್ಲ. ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಈಗ ಹೆಸರು ಬರೆಯಬೇಡಿ ಅಂತ ಲಾಯರ್ ಹೇಳಿದ್ದಾರೆ.

ನನ್ನದು ವಿಟಿಯು ಡಿಗ್ರಿ. ಸರ್ಜಾಪುರ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಸೈಟ್, ಸಂಬಳ 24,000. ಸ್ಲ್ಯಾಬ್ ಕಾಂಕ್ರೀಟ್ ಇದ್ದರೆ ರಾತ್ರಿ ಎರಡಕ್ಕೆ ರೂಮಿಗೆ ಬರೋದು, ಬೆಳಿಗ್ಗೆ ಎಂಟಕ್ಕೆ ಮತ್ತೆ ಸೈಟ್. ಹೊರದೇಶಕ್ಕೆ ಹೋಗಬೇಕು ಅನ್ನೋದು ದುರಾಸೆ ಅಲ್ಲ. ದೊಡ್ಡ ಪ್ರಾಜೆಕ್ಟ್ ನೋಡಬೇಕು, ನಾಲ್ಕು ಕಾಸು ಉಳಿಸಬೇಕು ಅಂದರೆ ನಮ್ಮ ಫೀಲ್ಡಿನವರಿಗೆ ಮೊದಲು ಕಾಣೋದೇ ಗಲ್ಫ್. ಇವರು ಬಂಡವಾಳ ಮಾಡಿಕೊಂಡಿರೋದು ಅದನ್ನೇ.

"ದುಬೈ ಕಂಪನಿಯವರೇ ಬಂದಿದ್ದಾರೆ" ಅಂತ ಹೋಟೆಲ್ ಹಾಲ್‌ನಲ್ಲಿ ಇಂಟರ್‌ವ್ಯೂ ಇಟ್ಟಿದ್ದರು. ಹಾಲ್ ತುಂಬಾ ನಮ್ಮಂಥ ಹುಡುಗ ಹುಡುಗಿಯರು, ಎಲ್ಲರ ಕೈಯಲ್ಲೂ ಫೈಲ್. ಕೇಳಿದ್ದೇನು ಗೊತ್ತಾ? ಊರು ಯಾವುದು, ಬಿಸಿಲು ತಡೀತೀರಾ, ಪಾಸ್‌ಪೋರ್ಟ್ ರೆಡಿ ಇದೆಯಾ. ಅಷ್ಟೇ. ಕಾಲಂಗೆ ಕವರ್ ಎಷ್ಟು, ಕ್ಯೂಬ್ ಟೆಸ್ಟ್ ಫೇಲ್ ಆದರೆ ಏನು ಮಾಡ್ತೀರಿ, ಶಾಪ್ ಡ್ರಾಯಿಂಗ್ ನೋಡಿದ್ದೀರಾ, ಒಂದೂ ಇಲ್ಲ. ಇಲ್ಲಿ 24,000ದ ಕೆಲಸಕ್ಕೇ ನನ್ನ ಕೈಯಲ್ಲಿ ಬಿಬಿಎಸ್ (ಯಾವ ಕಂಬಿ ಎಷ್ಟು ಬೇಕು ಅನ್ನೋ ಪಟ್ಟಿ) ಬರೆಸಿ ನೋಡಿದ್ದರು. ಸಂಜೆಗೆಲ್ಲ "ಸೆಲೆಕ್ಟ್, ಕಂಗ್ರಾಟ್ಸ್ ಬ್ರದರ್" ಅಂತ ಮೆಸೇಜ್ ಬಂತು. ಸಂಬಳ 5,500 ದಿರ್ಹಾಮ್, ರೂಮು, ಊಟದ ಭತ್ಯೆ ಬೇರೆ.

ಆಮೇಲೆ ಶುರುವಾಯಿತು ವಸೂಲಿ. ರಿಜಿಸ್ಟ್ರೇಶನ್‌ಗೆ 25,000. ಸರ್ಟಿಫಿಕೇಟ್ ಅಟೆಸ್ಟೇಶನ್‌ಗೆ, ಅಂದರೆ ಅದು ಅಸಲಿ ಅಂತ ಸರ್ಕಾರದ ಮುದ್ರೆ ಹಾಕಿಸೋಕೆ, 60,000. ವೀಸಾಗೆ ಒಂದು ಲಕ್ಷ. ಅಮ್ಮನ ಬಳೆ ಅಡವಿಟ್ಟು ಕಟ್ಟಿದೆವು. ಅಪ್ಪ ಊರಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಸೈಟ್‌ನಲ್ಲಿ ನನಗೆ ಕೇಕ್ ಕಟ್ ಮಾಡಿಸಿದರು. ಈಗ ಊರಿನಿಂದ ಫೋನ್ ಬಂದರೆ ಎತ್ತೋಕೆ ಆಗ್ತಿಲ್ಲ.

ವೀಸಾ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಬಂತು. ಅದನ್ನು ಖುಷಿಯಿಂದ ಅಬುಧಾಬಿಯಲ್ಲಿರುವ ನಮ್ಮ ಕಾಲೇಜಿನ ಸೀನಿಯರ್‌ಗೆ ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿದರು. "ವೀಸಾ ಟೈಪ್ ಅಂತ ಇದೆಯಲ್ಲ, ಅದನ್ನು ದೊಡ್ಡದು ಮಾಡಿ ಓದು" ಅಂದರು. ಎರಡು ಬೆರಳಿಟ್ಟು ಎಳೆದೆ. ಟೂರಿಸ್ಟ್. 60 ದಿನ. ಕಂಪನಿಯ ಹೆಸರು ಎಲ್ಲೂ ಇಲ್ಲ. ಮತ್ತೆ ಮತ್ತೆ ಓದಿದೆ. ಟೂರಿಸ್ಟ್ ಅಂತಲೇ ಇದೆ. ಮಾತು ಹೊರಡಲಿಲ್ಲ. ಆ ಕಡೆಯಿಂದ ಅವರು "ಹಲೋ, ಹಲೋ" ಅಂತಲೇ ಇದ್ದರು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಯುಎಇಯಲ್ಲಿ ನಿಜವಾದ ಕೆಲಸ ಅಂದರೆ ಆಫರ್ ಲೆಟರ್ ಅಲ್ಲಿನ ಕಾರ್ಮಿಕ ಸಚಿವಾಲಯದ ಮೂಲಕ ಬರುತ್ತದೆ, ಅದಕ್ಕೆ ನಂಬರ್ ಇರುತ್ತದೆ, ಆ ನಂಬರ್ ಹಾಕಿ ನೋಡಬಹುದು. ನಾವು ಸಹಿ ಮಾಡಿದ ಮೇಲೆ ಎಂಪ್ಲಾಯ್‌ಮೆಂಟ್ ಪರ್ಮಿಟ್ ತೆಗೆಸೋದು ಕಂಪನಿ. ಖರ್ಚೂ ಕಂಪನಿಯದೇ. ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲಿ ಮಾಡಬಾರದು ಅಂತ ಅವರ 2021ರ ಕಾರ್ಮಿಕ ಕಾನೂನಿನಲ್ಲೇ ಇದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಕೆಲಸ ಮಾಡಿದರೆ ಅದು ಅಪರಾಧ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಾಮ್ ದಂಡ.

ಮಾರನೇ ದಿನವೇ ಕಚೇರಿಗೆ ಹೋದೆ. ಇವರ ಉತ್ತರ ಕೇಳಿ. "ಎಲ್ಲರೂ ಹೀಗೇ ಹೋಗೋದು ಬ್ರದರ್. ಅಲ್ಲಿ ಇಳಿದ ಮೇಲೆ ಸ್ಟೇಟಸ್ ಚೇಂಜ್ ಮಾಡಿಸ್ತಾರೆ." ಸ್ಟೇಟಸ್ ಚೇಂಜ್, ಅಂದರೆ ಅಲ್ಲಿದ್ದುಕೊಂಡೇ ಟೂರಿಸ್ಟ್ ವೀಸಾವನ್ನು ಕೆಲಸದ ವೀಸಾಗೆ ಬದಲಿಸೋದು, ಇರೋದು ನಿಜ. ಆದರೆ ಅದಕ್ಕೂ ಕಂಪನಿ ಪರ್ಮಿಟ್ ತೆಗೆಸಿರಬೇಕು, ಅಲ್ವಾ? ಹಾಗಾದರೆ ಆಫರ್ ಲೆಟರ್ ನಂಬರ್ ಕೊಡಿ ಅಂದೆ. "ಅದು ಕಾನ್ಫಿಡೆನ್ಶಿಯಲ್." ನನ್ನ ಕೆಲಸದ ನಂಬರ್ ನನಗೇ ಕಾನ್ಫಿಡೆನ್ಶಿಯಲ್! ಆಮೇಲೆ ಒಬ್ಬ ಮೇಡಂ ಬಂದರು. "ನಿಮ್ಮ ಜೊತೆ ಸೆಲೆಕ್ಟ್ ಆದವರೆಲ್ಲ ಹೊರಡ್ತಿದ್ದಾರೆ, ನಿಮಗೊಬ್ಬರಿಗೇ ಯಾಕೆ ತೊಂದರೆ? ಇಷ್ಟು ನೆಗೆಟಿವ್ ಆದ್ರೆ ಲೈಫಲ್ಲಿ ಮುಂದೆ ಬರಲ್ಲ ನೀವು." ನನ್ನ ದುಡ್ಡು ಇಟ್ಟುಕೊಂಡು ನನಗೇ ಈ ಮಾತು. ಈಗ ಬರೆಯುವಾಗಲೂ ಮೈ ಉರಿಯುತ್ತಿದೆ.

ದುಡ್ಡು ವಾಪಸ್ ಕೊಡಿ ಅಂದರೆ ಇನ್ನೊಂದು ಆಟ. "ದುಬೈ ಬೇಡ್ವಾ, ಬಿಡಿ, ಅದೇ ದುಡ್ಡಲ್ಲಿ ಆಸ್ಟ್ರೇಲಿಯಾ ಫೈಲ್ ಹಾಕೋಣ. ವಾಷಿಂಗ್ಟನ್ ಅಕಾರ್ಡ್‌ನಲ್ಲಿ ಇಂಡಿಯಾ ಇದೆ, ನಿಮ್ಮ ಡಿಗ್ರಿ ಡೈರೆಕ್ಟ್ ಆಗುತ್ತೆ." ಇದೂ ಅರ್ಧ ಸುಳ್ಳು. ವಾಷಿಂಗ್ಟನ್ ಅಕಾರ್ಡ್ ಅಂದರೆ ಒಂದು ದೇಶದ ಇಂಜಿನಿಯರಿಂಗ್ ಡಿಗ್ರಿಯನ್ನು ಇನ್ನೊಂದು ಸದಸ್ಯ ದೇಶ ಒಪ್ಪಿಕೊಳ್ಳೋ ಒಪ್ಪಂದ. ಭಾರತ 2014ರಿಂದ ಅದರ ಪೂರ್ಣ ಸದಸ್ಯ, ಸರಿ. ಆದರೆ ಎನ್‌ಬಿಎ (ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಟಿಯರ್ 1 ಮಾನ್ಯತೆ ಇರುವ ಕೋರ್ಸ್‌ಗಳಿಗೆ ಮಾತ್ರ ಅದು ಅನ್ವಯ. ನನ್ನ ಕಾಲೇಜಿಗೆ ಅದು ಇಲ್ಲ. ನನ್ನಂಥವರು ಡಿಗ್ರಿ ಪರಿಶೀಲಿಸುವ ಅಲ್ಲಿನ ಸಂಸ್ಥೆ ಎಂಜಿನಿಯರ್ಸ್ ಆಸ್ಟ್ರೇಲಿಯಾಗೆ ಸಿಡಿಆರ್ ಅನ್ನೋ ವರದಿ ಬರೆದು ಕೊಡಬೇಕು, ಅದರಲ್ಲಿ ನಾವೇ ಮಾಡಿದ ಕೆಲಸದ ಮೇಲೆ ಮೂರು ಕರಿಯರ್ ಎಪಿಸೋಡ್ ಅನ್ನೋ ಬರಹ ಇರಬೇಕು. ಅದನ್ನು ಹೇಳಿದ್ದಕ್ಕೆ "ನಮ್ಮತ್ರ ರೆಡಿ ಇದೆ, ಹೆಸರು ಚೇಂಜ್ ಮಾಡಿದ್ರೆ ಆಯ್ತು" ಅಂತಾರೆ. ಕದ್ದ ಬರಹ ಅಂತ ಎಂಜಿನಿಯರ್ಸ್ ಆಸ್ಟ್ರೇಲಿಯಾದವರಿಗೆ ಗೊತ್ತಾದರೆ ಅರ್ಜಿ ತಿರಸ್ಕಾರ, ಮೇಲೆ ನಿಷೇಧ. ನಮ್ಮ ಹೆಸರು ಕೆಡುತ್ತೆ, ಇವರದಲ್ಲ.

ರೂಮಿಗೆ ಬಂದು ರಸೀದಿ ತೆಗೆದು ನೋಡಿದೆ. ಕೆಲಸ ಅಂತ ಇಲ್ಲ, ವೀಸಾ ಅಂತ ಇಲ್ಲ. "ಕ್ಯೂಎ ಕ್ಯೂಸಿ ತರಬೇತಿ ಶುಲ್ಕ" ಅಂತ ಇದೆ, ಅಂದರೆ ಗುಣಮಟ್ಟ ಪರೀಕ್ಷೆಯ ತರಬೇತಿ. ಯಾವ ತರಬೇತಿ? ಒಂದು ಕ್ಲಾಸೂ ಆಗಿಲ್ಲ. ಛಾಪಾ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ, ತರಬೇತಿಗೆ ಕಟ್ಟಿದ ಹಣ ಹಿಂತಿರುಗಿಸುವುದಿಲ್ಲ. ಮೊದಲ ದಿನದಿಂದಲೇ ತಪ್ಪಿಸಿಕೊಳ್ಳೋಕೆ ದಾರಿ ಮಾಡಿಟ್ಟುಕೊಂಡೇ ನನ್ನನ್ನು ಕೂರಿಸಿ ಕಾಫಿ ಕೊಟ್ಟಿದ್ದಾರೆ.

ಒರಿಜಿನಲ್ಸ್ ಕೇಳಿದರೆ "ಕ್ಯಾನ್ಸಲೇಶನ್ ಚಾರ್ಜ್ 20,000 ಕಟ್ಟಿ, ತಗೊಂಡು ಹೋಗಿ" ಅಂತಾರೆ. ಪಾಸ್‌ಪೋರ್ಟ್ ಕೂಡ ಇಟ್ಟುಕೊಂಡಿದ್ದರು. ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಆಸ್ತಿ, ನೀವು ಇಟ್ಟುಕೊಳ್ಳೋ ಹಾಗಿಲ್ಲ, ಪೊಲೀಸರನ್ನು ಕರೆಸ್ತೀನಿ ಅಂತ ಜೋರು ಮಾಡಿದ ಮೇಲೆ ಅದನ್ನೊಂದು ಟೇಬಲ್ ಮೇಲೆ ಎಸೆದರು. ಸರ್ಟಿಫಿಕೇಟ್ ಕೊಟ್ಟಿಲ್ಲ. ಮಾತಾಡೋಣ ಅಂದರೆ "ಸರ್ ಮೀಟಿಂಗ್‌ನಲ್ಲಿದ್ದಾರೆ." ಯಾವಾಗ ಫೋನ್ ಮಾಡಿದರೂ ಮೀಟಿಂಗ್. ಈಗ ನನ್ನ ನಂಬರ್ ಬ್ಲಾಕ್.

ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಇವರ ಹೆಸರು ಅದರಲ್ಲಿ ಇಲ್ಲ. ನೋಂದಣಿ ಇಲ್ಲದೆ ವಿದೇಶಕ್ಕೆ ಜನ ಕಳಿಸೋದು 1983ರ ವಲಸೆ ಕಾಯ್ದೆಯಲ್ಲಿ ಅಪರಾಧ, 2 ವರ್ಷದವರೆಗೆ ಜೈಲು. ನೋಂದಣಿ ಇರುವವರೂ ಸೇವಾ ಶುಲ್ಕ ಅಂತ 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ನನ್ನಿಂದ ಎಷ್ಟು ಕಿತ್ತರು ನೋಡಿ.

ಹಾಗಾಗಿ ಪಟ್ಟಿಯಲ್ಲಿ ಹೆಸರು ನೋಡದೆ ಒಂದು ರೂಪಾಯಿನೂ ಕೊಡಬೇಡಿ. ಒರಿಜಿನಲ್ಸ್ ಯಾರ ಕೈಗೂ ಕೊಟ್ಟು ಬರಬೇಡಿ, ಅಟೆಸ್ಟೇಶನ್ ರಾಜ್ಯದಲ್ಲಿ, ವಿದೇಶಾಂಗ ಸಚಿವಾಲಯದಲ್ಲಿ, ಆಮೇಲೆ ಯುಎಇ ರಾಯಭಾರ ಕಚೇರಿಯಲ್ಲಿ ಆಗೋದು, ಏನೇನು ಬೇಕು ಅಂತ ನೀವೇ ವಿಚಾರಿಸಿ. ರಸೀದಿಯಲ್ಲಿ ಏನು ಬರೆದಿದ್ದಾರೆ ಅಂತ ಅಲ್ಲೇ ನಿಂತು ಓದಿ. ಸುಮ್ನೆ ನಗುನಗುತ್ತಾ ಮಾತಾಡಿಸ್ತಾರೆ ಅಂತ ನಂಬಬೇಡಿ.

ಠಾಣೆಯಲ್ಲಿ ದೂರು ಕೊಟ್ಟಾಗಿದೆ. ನನ್ನ ಜೊತೆ ಆ ಹಾಲ್‌ನಲ್ಲಿ ಕೂತಿದ್ದ ಇಬ್ಬರು ಸಿಕ್ಕಿದ್ದಾರೆ, ಅವರ ರಸೀದಿಯಲ್ಲೂ ಅದೇ ತರಬೇತಿ ಶುಲ್ಕ. ಈ ಭಾನುವಾರ ಮತ್ತೊಂದು ಇಂಟರ್‌ವ್ಯೂ ಇದೆ ಅಂತ ಏಜೆನ್ಸಿಯವರು ತಮ್ಮ ಸ್ಟೇಟಸ್‌ನಲ್ಲಿ ಹಾಕಿದ್ದಾರಂತೆ, ಈ ಸಲ ಕತಾರ್ ಹೆಸರಲ್ಲಿ. ನಿಮಗೂ ಇಂಥದ್ದೇ ರಸೀದಿ ಕೊಟ್ಟಿದ್ದರೆ ರಸೀದಿ, ವೀಸಾ ಪಿಡಿಎಫ್, ಚಾಟ್ ಏನನ್ನೂ ಅಳಿಸಬೇಡಿ, ನನಗೆ ಮೆಸೇಜ್ ಮಾಡಿ. ದೂರಿಗೆ ಎಷ್ಟು ಜನ ಸೇರಿದರೂ ಒಳ್ಳೆಯದು ಅಂತ ಲಾಯರ್ ಹೇಳಿದ್ದಾರೆ. ಭಾನುವಾರಕ್ಕೆ ಮೊದಲೇ ಮಾಡಿ.