ಹಳೇ ಕಾರಿನ ಅಲಾಯ್ ಹೊಸ ಕಾರಿಗೆ: ನಟ್ ಕೂತಿತು, ಚಕ್ರ ಕೂರಲಿಲ್ಲ

ಮೊದಲೇ ರೇಟಿಂಗ್ ಹೇಳಿಬಿಡುತ್ತೇನೆ. ಅಲಾಯ್ ವೀಲ್‌ಗೆ 5ಕ್ಕೆ 4. ಅದರ ಮೇಲಿದ್ದ ಟಯರ್‌ಗೆ 5ಕ್ಕೆ 2, ಅದರಲ್ಲಿ ಟಯರ್ ತಪ್ಪಿಗಿಂತ ನನ್ನ ತಪ್ಪೇ ಜಾಸ್ತಿ. ಅಲ್ಯೂಮಿನಿಯಂ ಹಬ್ ರಿಂಗ್‌ಗೆ (ಚಕ್ರದ ನಡುವಿನ ತೂತಿಗೂ, ಕಾರಿನಲ್ಲಿ ಚಕ್ರ ಕೂರುವ ಹಬ್‌ಗೂ ನಡುವಿನ ಜಾಗ ತುಂಬುವ ಬಳೆ) 5ಕ್ಕೆ 5. ಮೊದಲು ಫಿಟ್ ಮಾಡಿಕೊಟ್ಟ ಅಂಗಡಿಗೆ 1, ಅದೂ ಹುಡುಗರು ಮರ್ಯಾದೆಯಿಂದ ಮಾತಾಡಿದರು ಅನ್ನೋ ಕಾರಣಕ್ಕೆ.

ನನ್ನ ಹಳೇ ಕಾರು ಹೋಂಡಾ. ಅದಕ್ಕೆ ಆಸೆಪಟ್ಟು ಹೊರಗಿನ ಕಂಪನಿಯ 17 ಇಂಚಿನ ಅಲಾಯ್ ಹಾಕಿಸಿದ್ದೆ. ಕಾರು ಮಾರುವಾಗ ಅದರ ಸ್ವಂತ ಚಕ್ರಗಳನ್ನೇ ವಾಪಸ್ ಹಾಕಿ ಕೊಟ್ಟೆ, ಅಲಾಯ್‌ಗಳನ್ನು ಮಾತ್ರ ಇಟ್ಟುಕೊಂಡೆ. ಆಮೇಲೆ ಬಂದದ್ದು ಟೊಯೋಟಾ. ಎರಡಕ್ಕೂ 5 ನಟ್, ಎರಡಕ್ಕೂ ಪಿಸಿಡಿ 114.3 ಮಿಲಿಮೀಟರ್, ಸ್ಟಡ್ (ನಟ್ ಕೂರುವ ಬೋಲ್ಟ್) ದಪ್ಪ 12 ಮಿಲಿಮೀಟರ್, ಪಿಚ್ (ಅದರ ಥ್ರೆಡ್‌ಗಳ ನಡುವಿನ ಅಂತರ) 1.5. ಇಷ್ಟೆಲ್ಲ ಒಂದೇ ಇದ್ದಮೇಲೆ ಇನ್ನೇನು ನೋಡೋದು, ಬಿಚ್ಚೋದು ಹಾಕೋದು ಅಷ್ಟೇ ಅಲ್ವಾ ಅಂದುಕೊಂಡೆ. ಪಿಸಿಡಿ ಅಂದರೆ 5 ಸ್ಟಡ್‌ಗಳ ಮಧ್ಯಬಿಂದುಗಳ ಮೇಲೆ ಹಾದುಹೋಗುವ ವೃತ್ತದ ಅಗಲ. ಇಲ್ಲಿ "ಹೆಚ್ಚುಕಮ್ಮಿ ಸರಿ" ಅನ್ನೋ ಮಾತೇ ಇಲ್ಲ. 112ರ ಚಕ್ರವನ್ನು 114.3ರ ಹಬ್‌ಗೆ ಒತ್ತಿ ತಿರುಗಿಸಿದರೆ ನಟ್ ಹಿಡಿದುಕೊಂಡ ಹಾಗೆ ಕಾಣುತ್ತೆ, ಆದರೆ ಓರೆಯಾಗಿ ಕೂತಿರುತ್ತೆ, ಸ್ಟಡ್ ಮೇಲೆ ಸುಮ್ನೆ ಭಾರ ಬೀಳುತ್ತೆ. ಆ ಸಾಹಸಕ್ಕೆ ಯಾರೂ ಹೋಗಬೇಡಿ.

ಅಂಗಡಿಯಲ್ಲಿ 20 ನಿಮಿಷದಲ್ಲಿ ನಾಲ್ಕೂ ಚಕ್ರ ಹಾಕಿ ಕಳಿಸಿದರು. ಊರೊಳಗೆ ಏನೂ ಗೊತ್ತಾಗಲಿಲ್ಲ. ಹೈವೇಗೆ ಹೋದಮೇಲೆ 80 ದಾಟುತ್ತಿದ್ದಂತೆ ಸ್ಟೀರಿಂಗ್ ನಡುಗಲು ಶುರು, 100ಕ್ಕೆ ಸೀಟೂ ನಡುಗುತ್ತಿತ್ತು. ವಾಪಸ್ ಹೋದೆ. "ಬ್ಯಾಲೆನ್ಸಿಂಗ್ ಸಾರ್" ಅಂದರು. ಮಾಡಿಸಿದೆ, ದುಡ್ಡು ಕೊಟ್ಟೆ, ನಡುಕ ಹಾಗೇ ಇತ್ತು. ಮತ್ತೆ ಹೋದಾಗ "ಅಲೈನ್‌ಮೆಂಟ್ ಇರಬೇಕು" ಅಂದರು. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತೆ, ಟಯರ್ ಅಂಚು ಸವೆಯುತ್ತೆ, ಹೀಗೆ ಒಂದು ವೇಗಕ್ಕೆ ಬಂದಾಗ ನಡುಗೋದು ಬೇರೆ ಕಾಯಿಲೆ. ಆಗಲೇ ಚಕ್ರ ಬಿಚ್ಚಿಸಿ ನೋಡಿದೆ.

ಹೊರಗಿನ ಅಲಾಯ್‌ಗಳಿಗೆ ನಡುವಿನ ತೂತು ಬೇಕಂತಲೇ ದೊಡ್ಡದಾಗಿರುತ್ತೆ, ಎಲ್ಲಾ ಕಾರಿಗೂ ಆಗಲಿ ಅಂತ. ನನ್ನದರಲ್ಲಿ 73.1 ಮಿಲಿಮೀಟರ್. ಹೋಂಡಾ ಹಬ್ 64.1. ನಡುವಿನ ಜಾಗ ತುಂಬಲು ಒಂದು ರಿಂಗ್ ಬರುತ್ತೆ. ನನ್ನ ಹಳೇ ಪ್ಲಾಸ್ಟಿಕ್ ರಿಂಗ್‌ಗಳು ಚಕ್ರದೊಳಗೇ ಅಂಟಿಕೊಂಡಿದ್ದವು. ಟೊಯೋಟಾ ಹಬ್ 60.1. ಅಂದರೆ ರಿಂಗ್ ಹಬ್ ಸುತ್ತ ಸುಮಾರು 2 ಮಿಲಿಮೀಟರ್ ಸಡಿಲ, ದೊಡ್ಡವರ ಚಪ್ಪಲಿಯಲ್ಲಿ ಮಗುವಿನ ಕಾಲಿಟ್ಟ ಹಾಗೆ. ಅಂಗಡಿ ಹುಡುಗನಿಗೆ ತೋರಿಸಿದರೆ ಅವನು ಹೇಳಿದ್ದು, "ರಿಂಗ್ ಇದೆಯಲ್ಲ ಸಾರ್!" ಹೌದಪ್ಪ, ಇದೆ, ಆದರೆ ಬೇರೆ ಕಾರಿನದ್ದು.

ಅದಕ್ಕಿಂತ ಭಯ ಆದದ್ದು ನಟ್ ನೋಡಿ. ಅವರು ಹಾಕಿದ್ದು ಟೊಯೋಟಾ ಜೊತೆ ಬಂದ ನಟ್. ಟೊಯೋಟಾದ ತುಂಬಾ ಅಲಾಯ್‌ಗಳಿಗೆ ವಾಷರ್ ಇರುವ, ತಳ ಚಪ್ಪಟೆಯಾದ ನಟ್ ಬರುತ್ತೆ. ಹೋಂಡಾದ ಕಂಪನಿ ಚಕ್ರಕ್ಕೆ ಗೋಲಿ ಥರ ದುಂಡಗಿನ ತಳದ ನಟ್. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು 60 ಡಿಗ್ರಿ ಕೋನ್ ನಟ್. ಕೋನ್ ಆಕಾರದ ತೂತಿನ ಮೇಲೆ ಚಪ್ಪಟೆ ವಾಷರ್ ಕೂತರೆ ಹಿಡಿತ ಸಿಗೋದು ತೂತಿನ ಅಂಚಿನಲ್ಲಿ ಮಾತ್ರ. ಎಷ್ಟೇ ಬಿಗಿ ಮಾಡಿದರೂ ಆ ಅಂಚು ನಿಧಾನವಾಗಿ ಜಜ್ಜಿಹೋಗುತ್ತೆ, ನಟ್ ಸಡಿಲ ಆಗುತ್ತೆ. ಚಕ್ರ ಕಳಚಿಕೊಳ್ಳುವ ದಾರಿ ಅದು. ಇಲ್ಲಿ ನನ್ನ ಪಾಲೂ ಇದೆ, ಮರೆಮಾಚೋದಿಲ್ಲ. ಹಳೇ ಕೋನ್ ನಟ್ 20ನ್ನೂ ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲೇ ಇಟ್ಟಿದ್ದೆ. ಅವರು ಚಕ್ರ ಹಾಕುವಾಗ ನಾನು ಫೋನ್ ನೋಡುತ್ತಾ ನಿಂತಿದ್ದೆ. ಆದರೂ ದಿನಾ ಇದೇ ಕೆಲಸ ಮಾಡುವವರಿಗೆ ಕಣ್ಣಿಗೆ ಬೀಳಬೇಕಿತ್ತು.

ನಡುಕ ಯಾಕೆ ಅಂತ ಆಗ ಅರ್ಥ ಆಯಿತು. ಟೊಯೋಟಾ ಚಪ್ಪಟೆ ನಟ್ ಚಕ್ರವನ್ನು ಒತ್ತಿ ಹಿಡಿಯುತ್ತೆ ಅಷ್ಟೇ, ನಡುವಿಗೆ ತರೋದಿಲ್ಲ. ನಡುವಿಗೆ ತರುವ ಕೆಲಸ ಹಬ್‌ದು, ಅದಕ್ಕೇ ಕಂಪನಿ ಚಕ್ರದ ತೂತು ಹಬ್‌ಗೆ ಸರಿಯಾಗಿ ಕೂರೋ ಹಾಗಿರುತ್ತೆ. ಕೋನ್ ನಟ್ ಆದರೆ ಬಿಗಿಯಾಗುತ್ತಾ ತಾನೇ ಚಕ್ರವನ್ನು ನಡುವಿಗೆ ಎಳೆಯುತ್ತೆ. ನನ್ನ ಕಾರಿನಲ್ಲಿ ಎರಡೂ ಇರಲಿಲ್ಲ. ಚಕ್ರ ತನಗೆ ಬೇಕಾದ ಕಡೆ ಒಂದು ಚೂರು ಸರಿದು ಕೂತಿತ್ತು. ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಚಕ್ರ ಸರಿಯಾಗೇ ತಿರುಗುತ್ತೆ, ಅಲ್ಲಿ ಅದನ್ನು ಬೇರೆ ಕೋನ್ ಹಿಡಿದಿರುತ್ತಲ್ಲ. ಹಾಗಾಗಿ ನೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಇದು ಹೋಗುತ್ತಿರಲಿಲ್ಲ.

73.1ರಿಂದ 60.1ಕ್ಕೆ ಅಲ್ಯೂಮಿನಿಯಂ ರಿಂಗ್ 4 ತರಿಸಿದೆ. ಪ್ಲಾಸ್ಟಿಕ್ ಕೂಡ ಕೆಲಸ ಮಾಡುತ್ತೆ, ಯಾಕಂದರೆ ಗಾಡಿಯ ಭಾರ ಹೊರೋದು ರಿಂಗ್ ಅಲ್ಲ, ನಟ್ ಬಿಗಿತದಿಂದ ಹಬ್‌ಗೂ ಚಕ್ರಕ್ಕೂ ನಡುವೆ ಹುಟ್ಟುವ ಹಿಡಿತ. ಆದರೆ ಬ್ರೇಕ್ ಬಿಸಿಗೆ ನನ್ನ ಹಳೇ ಪ್ಲಾಸ್ಟಿಕ್ ರಿಂಗ್‌ಗಳಲ್ಲಿ ಒಂದು ಸೊಟ್ಟಗಾಗಿತ್ತು. ಅಲ್ಯೂಮಿನಿಯಂನ ತೊಂದರೆ ಬೇರೆ, ತುಕ್ಕಿನ ಜೊತೆ ಹಬ್‌ಗೆ ಕಚ್ಚಿಕೊಂಡುಬಿಡುತ್ತೆ. ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ರಿಂಗ್ ಕೂರುವ ಅಂಚಿಗೆ ಮಾತ್ರ ಒಂದು ತೆಳು ಪದರ ಗ್ರೀಸ್ ಸವರಿದರೆ ಸಾಕು. ಚಕ್ರ ಒತ್ತಿ ಕೂರುವ ಮುಖಕ್ಕೂ, ಸ್ಟಡ್‌ಗೂ ಗ್ರೀಸ್ ಬೇಡ.

ಎರಡನೇ ಅಂಗಡಿಯವರು ಹಾಕಿದ ರೀತಿಯೇ ಬೇರೆ. ಕಾರು ಜಾಕ್ ಮೇಲಿದ್ದಾಗಲೇ ಡಿಕ್ಕಿಯಲ್ಲಿದ್ದ ಆ ಕೋನ್ ನಟ್‌ಗಳನ್ನು ಕೈಯಲ್ಲೇ ತಿರುಗಿಸಿ, ನಕ್ಷತ್ರದ ಥರ ಒಂದು ಬಿಟ್ಟು ಒಂದರಂತೆ ಬಿಗಿ ಮಾಡಿ, ಕೆಳಗಿಳಿಸಿ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ 103 ನ್ಯೂಟನ್ ಮೀಟರ್‌ಗೆ ಮುಗಿಸಿದರು. ನಟ್ ಬಿಗಿಯುವ ಗನ್ ಮುಟ್ಟಲೇ ಇಲ್ಲ. ನಟ್ ಕನಿಷ್ಠ 8 ಸುತ್ತು ಹಿಡಿಯಬೇಕು ಅಂತ ಎಣಿಸಿ ತೋರಿಸಿದರು. ಸುಮಾರು 80 ಕಿಲೋಮೀಟರ್ ಓಡಿಸಿ ಮತ್ತೆ ಬಂದು ಚೆಕ್ ಮಾಡಿಸಿ ಅಂದರು, ಹೋದೆ, 2 ನಟ್ ಒಂದು ಚೂರು ತಿರುಗಿದವು. ಈಗ 110ರಲ್ಲೂ ಸ್ಟೀರಿಂಗ್ ಅಲುಗಾಡೋದಿಲ್ಲ.

ಇನ್ನು ಚಕ್ರದ ಅಳತೆ. ಕಂಪನಿಯದು 16 ಇಂಚು, ಅಗಲ 6.5, ಆಫ್‌ಸೆಟ್ (ಚಕ್ರದ ನಡುಗೆರೆಗಿಂತ ಹಬ್‌ಗೆ ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನೋದು) 45. ನನ್ನದು 17 ಇಂಚು, ಅಗಲ 7, ಆಫ್‌ಸೆಟ್ 40. ಅಗಲ ಅರ್ಧ ಇಂಚು ಹೆಚ್ಚಾದರೆ ಒಂದೊಂದು ಕಡೆ 6.35 ಮಿಲಿಮೀಟರ್ ಬೆಳೆಯುತ್ತೆ. ಆಫ್‌ಸೆಟ್ 5 ಕಡಿಮೆ ಆದ್ದರಿಂದ ಪೂರ್ತಿ ಚಕ್ರ 5 ಮಿಲಿಮೀಟರ್ ಹೊರಗೆ ಸರಿಯುತ್ತೆ. ಹೊರಗಡೆ 11ಕ್ಕಿಂತ ಸ್ವಲ್ಪ ಜಾಸ್ತಿ, ಒಳಗಡೆ 1ಕ್ಕಿಂತ ಸ್ವಲ್ಪ ಜಾಸ್ತಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ, ಹಿಂದೆ ಮೂರು ಜನ ಕೂತು ಗುಂಡಿಗೆ ಇಳಿಸಿದರೂ ಎಲ್ಲೂ ಉಜ್ಜಲಿಲ್ಲ. ಬ್ರೇಕ್ ಕ್ಯಾಲಿಪರ್‌ಗೂ ತಾಗಲಿಲ್ಲ. ಹಾಕುವ ಮುಂಚೆ ಮುಂದಿನ ಒಂದು ಚಕ್ರ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದರೆ ಇದು ಗೊತ್ತಾಗಿಬಿಡುತ್ತೆ.

ಟಯರ್ ಕಥೆ ಮಾತ್ರ ಬೇಸರದ್ದು. ಅಳತೆ 215/45, ಕಂಪನಿಯ 205/55ಕ್ಕಿಂತ ಎತ್ತರ ಸುಮಾರು 1 ಪರ್ಸೆಂಟ್ ಕಡಿಮೆ, ಸ್ಪೀಡೋಮೀಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ನೋಡಬೇಕಾದದ್ದು ಭಾರದ ನಂಬರ್. ಕಂಪನಿ ಟಯರ್ ಮೇಲೆ 91, ಅಂದರೆ ಒಂದು ಟಯರ್‌ಗೆ 615 ಕೆಜಿ. ಇದೇ 215/45 ಟಯರ್ ಮಾಮೂಲಿ ಬಗೆಯಲ್ಲಿ 87 ಬರುತ್ತೆ, ಅಂದರೆ 545 ಕೆಜಿ. ನನ್ನದು ಪುಣ್ಯಕ್ಕೆ ಎಕ್ಸ್‌ಎಲ್, ಅಂದರೆ ಹೆಚ್ಚು ಭಾರ ಹೊರುವ ಬಗೆ, 91 ಇದೆ, ಗಾಳಿ ಮಾತ್ರ ಸ್ವಲ್ಪ ಜಾಸ್ತಿ ಬೇಕು. ಆದರೆ ಹಳೇ ಕಾರಿನ ಅಲೈನ್‌ಮೆಂಟ್ ಸರಿಯಿರಲಿಲ್ಲ, ಒಳ ಅಂಚು ತಿಂದುಹೋಗಿದೆ. ಹೊರಗಿನಿಂದ ನೋಡಿದರೆ ಚೆನ್ನಾಗಿ ಕಾಣುತ್ತೆ, ಒಳಗೆ ಕೈ ಹಾಕಿ ಸವರಿದರೆ ಗರಗಸದ ಹಲ್ಲಿನ ಹಾಗೆ ಸಿಗುತ್ತೆ. ಹೊಸ ಕಾರಿನಲ್ಲಿ ಅದೇ 'ಗೊಂಯ್' ಅನ್ನೋ ಸದ್ದು. ಹಳೇ ಕಾರಿನ ಕಾಯಿಲೆ ಹೊತ್ತುಕೊಂಡು ಬಂದ ಹಾಗಾಯಿತು. ಟಯರ್ ಪಕ್ಕದಲ್ಲಿ 4 ಅಂಕಿ ಇರುತ್ತೆ, 1821 ಅಂದರೆ 2021ರ 18ನೇ ವಾರ ತಯಾರಾದದ್ದು. ಮೂಲೆಯಲ್ಲಿ ಇಟ್ಟಿದ್ದ ಸೆಟ್ ಹಾಕೋ ಮುಂಚೆ ಅದನ್ನೂ ಓದಿ, ಓಡದೆ ಸುಮ್ನೆ ಇದ್ದರೂ ರಬ್ಬರ್‌ಗೆ ವಯಸ್ಸಾಗುತ್ತೆ.

ಟೊಯೋಟಾದ ಚಪ್ಪಟೆ ನಟ್‌ಗಳನ್ನು ಬಿಸಾಕಿಲ್ಲ, ಕಂಪನಿ ಚಕ್ರಗಳ ಜೊತೆಗೇ ಕಟ್ಟಿಟ್ಟಿದ್ದೇನೆ. ಸ್ಟೆಪ್ನಿಗೆ ಯಾವ ನಟ್ ಕೂರುತ್ತೆ ಅಂತ ಮನೆ ಮುಂದೆಯೇ ಒಮ್ಮೆ ಹಾಕಿ ನೋಡಿಕೊಂಡೆ, ರಾತ್ರಿ ರಸ್ತೆ ಬದಿ ನಿಂತು ಕಲಿಯೋ ಪಾಠ ಅಲ್ಲ ಅದು.

ಒಂದೇ ಒಂದು ಬಾಕಿ ಇದೆ. ಗಾಳಿ ತೋರಿಸುವ ಸೆನ್ಸರ್‌ಗಳು ಕಂಪನಿ ಚಕ್ರಗಳೊಳಗೇ ಉಳಿದಿವೆ, ಹೋಂಡಾದಲ್ಲಿ ಅವು ಇರಲೇ ಇಲ್ಲವಾದ್ದರಿಂದ ನೆನಪೇ ಆಗಲಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಹಳದಿ ದೀಪ ಉರಿಯುತ್ತಲೇ ಇದೆ. ಸೆನ್ಸರ್ ಬದಲಿಸಲು ಟಯರ್ ಬಿಚ್ಚಲೇಬೇಕು, ಹೇಗೂ ಈ ಟಯರ್‌ಗಳನ್ನು ಬೇಗ ತೆಗೆಸುತ್ತೇನೆ, ಆಗ ಎರಡೂ ಒಟ್ಟಿಗೆ ಮಾಡಿಸಿದರಾಯಿತು. ಅಲ್ಲಿವರೆಗೆ ವಾರಕ್ಕೊಮ್ಮೆ ಕೈಯಲ್ಲೇ ಗೇಜ್ ಹಿಡಿದು ಗಾಳಿ ನೋಡುತ್ತಿದ್ದೇನೆ.